ನುಣುಪಮ್ಮ ಬಿಟ್ಟ ಉಬ್ಬು

ನನ್ನ ನಾದಿನಿಯ ಅಂಗೈ ಸವರದ ವಸ್ತು ನಮ್ಮ ಮನೆಯಲ್ಲಿ ಒಂದೂ ಇಲ್ಲ. ಹೊಸ ಪಾತ್ರೆ ಬಂದರೆ ನಾವೆಲ್ಲ ಹೊಳಪು ನೋಡುತ್ತೇವೆ, ಅವಳು ಅಂಚು ಸವರುತ್ತಾಳೆ. ಎಲ್ಲಾದರೂ ಒಂದು ಚೂರು ತರಿ ಸಿಕ್ಕಿತೋ, ಆ ಪಾತ್ರೆ ಅಡುಗೆಮನೆಗೆ ಹೋಗುವುದಿಲ್ಲ, ನೇರವಾಗಿ ಅವಳ ಅರದ ಕೆಳಗೆ ಹೋಗುತ್ತದೆ. ಹೀಗೆ ಉಜ್ಜಿ ಉಜ್ಜಿ ನಮ್ಮ ಸೌಟಿನ ಹಿಡಿ ಪೆನ್ಸಿಲಿನಷ್ಟು ಸಣ್ಣಗಾಗಿದೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಹಿಂಬಾಗಿಲ ಚಿಲಕ ಒರಟಾಗಿದೆಯೆಂದು ಅದರ ಕೊಕ್ಕೆಯನ್ನು ಎಷ್ಟು ನುಣ್ಣಗೆ ಮಾಡಿದಳೆಂದರೆ, ಹಾಕಿದ ಚಿಲಕ ತಾನಾಗಿಯೇ ಜಾರಿ ಕಳಚಿಕೊಂಡಿತು. ಬೆಳಗ್ಗೆ ಎದ್ದು ನೋಡಿದರೆ ಪಕ್ಕದ ಮನೆಯ ಬೆಕ್ಕು ಮರಿಗಳ ಸಮೇತ ನಮ್ಮ ಒಲೆಯ ಪಕ್ಕ ಸಂಸಾರ ಹೂಡಿತ್ತು. ನಮ್ಮತ್ತೆ ಮಗಳನ್ನು ಬೈದರು, ಏನೂ ಮಾಡದ ನನ್ನನ್ನೂ ಬೈದರು, ಬೆಕ್ಕಿಗೆ ಮಾತ್ರ ಹಾಲು ಹಾಕಿದರು.

ಅವಳನ್ನು ಎಲ್ಲರೂ ನುಣುಪಮ್ಮ ಎಂದೇ ಕರೆಯುವುದು. ನಮ್ಮವರದು ಗೇಟು, ಗ್ರಿಲ್ಲು, ಮೆಟ್ಟಿಲ ಕಂಬಿ ಮಾಡುವ ವರ್ಕ್‌ಶಾಪು. ಮಾವನವರು ಶುರು ಮಾಡಿದ್ದು, ಮನೆಗೆ ಅಂಟಿಕೊಂಡೇ ಇದೆ. ಅಡುಗೆಮನೆಯ ಕಿಟಕಿ ತೆರೆದರೆ ನನ್ನ ಒಗ್ಗರಣೆಯ ಸದ್ದು ಅವರಿಗೆ, ಅವರ ಸುತ್ತಿಗೆಯ ಸದ್ದು ನನಗೆ. ಅಲ್ಲಿ ವೆಲ್ಡಿಂಗ್ ಆದ ಜಾಗವನ್ನು ಗ್ರೈಂಡರ್ ಹಿಡಿದು ಉಜ್ಜಿ ಸಪಾಟು ಮಾಡುವುದು ನುಣುಪಮ್ಮನ ಕೆಲಸ. ಉಜ್ಜಿದ ಮೇಲೆ ಬೆಸುಗೆ ಎಲ್ಲಿತ್ತೆಂದು ಹಾಕಿದವನಿಗೂ ಗೊತ್ತಾಗಬಾರದು, ಹಾಗೆ.

ಇದಕ್ಕೆ ಮೂಲ ಅವಳ ಬಲತೊಡೆಯ ಮೇಲಿದೆ. ಚಿಕ್ಕವಳಿದ್ದಾಗ ಅಪ್ಪ ಮಾಡಿಟ್ಟ ಕಂಬಿಯ ಮೇಲೆ ಕೂತು ಜಾರಿದಳಂತೆ. ನಡುವೆ ಇದ್ದ ಬೆಸುಗೆಯ ಉಬ್ಬು ಫ್ರಾಕನ್ನೂ ತೊಡೆಯನ್ನೂ ಒಟ್ಟಿಗೇ ಹರಿಯಿತು. ಬೇರೆ ಮಕ್ಕಳಾಗಿದ್ದರೆ ಊರು ಒಂದು ಮಾಡುತ್ತಿದ್ದವು. ಇವಳು ಅಪ್ಪನ ಅರ ತಂದು ಆ ಉಬ್ಬನ್ನು ಉಜ್ಜುತ್ತ ಕೂತಳು, ಸಂಜೆ ಮತ್ತೆ ಅದೇ ಕಂಬಿಯ ಮೇಲೆ ಜಾರಿದಳು. ಬೈಯಲು ಬಂದ ಮಾವನವರು ಕಂಬಿ ಸವರಿ ನೋಡಿ ಬೈಗುಳ ನುಂಗಿಕೊಂಡರಂತೆ. ಅಂದಿನಿಂದ ನಮ್ಮ ವರ್ಕ್‌ಶಾಪಿನದು ಒಂದೇ ಪರೀಕ್ಷೆ: ಯಾವ ಮೆಟ್ಟಿಲ ಕಂಬಿಯಾದರೂ ನುಣುಪಮ್ಮ ಅದರ ಮೇಲೆ ಒಮ್ಮೆ ಜಾರದೆ ಹೊರಗೆ ಹೋಗುವಂತಿಲ್ಲ. ನಲವತ್ತು ಹತ್ತಿರವಾದರೂ ಪ್ಯಾಂಟು ಕೊಡವಿಕೊಂಡು, ಮೇಲೆ ಹತ್ತಿ, ‘ಹೋ’ ಎಂದು ಜಾರಿ ಬರುತ್ತಿದ್ದಳು. ನೋಡಿದವರು ಏನಂದುಕೊಳ್ಳುತ್ತಾರೋ ಎಂದು ನಾನೇ ಬಾಗಿಲು ಹಾಕಿಬರುತ್ತಿದ್ದೆ, ಆಮೇಲೆ ಒಳಗೆ ನಿಂತು ನಾನೇ ನೋಡುತ್ತಿದ್ದೆ.

ಮದುವೆಯ ವಿಷಯಕ್ಕೆ ಬಂದರೂ ಅದೇ ಅಂಗೈ. ಬಂದ ಸಂಬಂಧಗಳಲ್ಲಿ ಒಬ್ಬನ ಮಾತಿನಲ್ಲಿ ತರಿ ಇದೆ ಎಂದಳು. ಇನ್ನೊಬ್ಬ ತೀರಾ ನಯ, ಹಿಡಿಯೋಕೆ ಏನೂ ಸಿಗಲ್ಲ ಎಂದಳು. ಮೂರನೆಯವನ ವಿಷಯದಲ್ಲಿ ಏನೂ ಅನ್ನಲಿಲ್ಲ, ಅವನು ಮಾತಾಡುತ್ತಿರುವಾಗಲೇ ನಿದ್ದೆ ಹೋದಳು. ಆಮೇಲೆ ನಮ್ಮತ್ತೆ ಹುಡುಕುವುದನ್ನು ಬಿಟ್ಟರು.

ಹಳೆಯ ವೆಲ್ಡರಿಗೆ ಕಣ್ಣು ಮಂಜಾಗಿ ಅವರು ಕೆಲಸ ಬಿಟ್ಟಾಗ ಹೊಸಬರೊಬ್ಬರು ಬಂದರು. ಎತ್ತರದ ಆಳು, ಅಂಗೈಯಷ್ಟು ಜಾಗಕ್ಕೆ ಒಂದರಂತೆ ಕಿಡಿ ಸುಟ್ಟ ತೂತಿರುವ ಅಂಗಿ, ಮದುವೆಯಿಲ್ಲ. ಕೇಳಿದರೆ ಮಾತ್ರ ಮಾತಾಡುವವರು. ಬಂದ ವಾರದಲ್ಲೇ ಎಲ್ಲರಿಗೂ ಕಿಡಿಯಣ್ಣ ಆದರು. ನಮ್ಮವರೂ ಕಿಡಿಯಣ್ಣ ಎಂದರು, ನಾನೂ ಎಂದೆ, ಚಹಾ ತರುವವನೂ ಎಂದ. ನುಣುಪಮ್ಮ ಮಾತ್ರ ‘ಇವರೇ’ ಎಂದಳು. ಊರಿಗೆಲ್ಲ ಅಣ್ಣನಾದವನನ್ನು ಒಬ್ಬಳು ಮಾತ್ರ ಅಣ್ಣ ಅನ್ನದಿದ್ದರೆ ಅದರ ಅರ್ಥವೇನು? ನನಗೆ ಅಂದೇ ಗೊತ್ತಾಯಿತು. ನನ್ನ ಕಣ್ಣೇನು ಕಪ್ಪೆಚಿಪ್ಪೇ?

ಆದರೆ ಇಬ್ಬರ ಬಾಯಲ್ಲೂ ಬರುತ್ತಿದ್ದದ್ದು ಜಗಳವೇ.

“ಇವರೇ, ಇದೇನು ಬೆಸುಗೇನೋ, ಗೆದ್ದಲು ಕಟ್ಟಿದ ಹುತ್ತಾನೋ?”

“ಆ ಉಬ್ಬಲ್ಲೇ ಬಲ ಇರೋದು ನುಣುಪಮ್ಮನೋರೇ. ನೀವು ಉಜ್ಜಿದಷ್ಟೂ ನನ್ನ ಬೆಸುಗೆ ಸೊರಗುತ್ತೆ.”

“ಒಳಗೆ ಸರಿಯಾಗಿ ಕೂಡಿಕೊಂಡಿದ್ರೆ ಹೊರಗಿನ ಗುಡ್ಡ ಯಾಕೆ ಬೇಕು? ಕಬ್ಬಿಣ ಕಬ್ಬಿಣ ಬೆರೆತು ಒಂದಾದ ಮೇಲೆ ಆ ಜಾಗಾನೂ ಪೈಪಿನಷ್ಟೇ ಗಟ್ಟಿ.”

“ಹಂಗಂತ ಇರೋದನ್ನೆಲ್ಲ ಬೋಳಿಸಿಬಿಡೋದಾ?”

“ಬೋಳಿಸ್ತೀನಿ! ಏನೀಗ?”

ದಿನಾ ಇದೇ. ಅವರು ಹಾಕುವುದು, ಇವಳು ತೆಗೆಯುವುದು. ಕಿಟಕಿಯ ಪಕ್ಕ ತರಕಾರಿ ಹೆಚ್ಚುತ್ತಿದ್ದ ನಮ್ಮತ್ತೆ ಒಂದು ದಿನ ಚಾಕು ಕೆಳಗಿಟ್ಟು ಕೇಳಿದರು: “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಇವರಿಗೆ ಮದುವೇನೇ ಆಗಿಲ್ವಲ್ಲೇ, ಇದು ಮುಗಿಯೋದು ಯಾವಾಗ?” ನನಗೆ ನಗು ತಡೆಯದೆ ಕೈಯಲ್ಲಿದ್ದ ಬೇಳೆಯ ಡಬ್ಬಿಯೇ ಬಿದ್ದುಹೋಯಿತು.

ಇಲ್ಲಿ ನನ್ನ ಕಣ್ಣಿಗೆ ಇನ್ನೊಂದು ವಿಷಯ ಬಿತ್ತು. ಜಗಳ ಜೋರಾದಷ್ಟೂ ಕಿಡಿಯಣ್ಣನ ಉಬ್ಬುಗಳು ದೊಡ್ಡದಾಗುತ್ತಿದ್ದವು. ಮೊದಲು ಹುಣಸೆ ಬೀಜದಷ್ಟು ಎತ್ತರವಿದ್ದದ್ದು ಆಮೇಲೆ ನೆಲ್ಲಿಕಾಯಿಯಷ್ಟಾಯಿತು. ನುಣುಪಮ್ಮ ಅವರ ಮೇಜಿನ ಪಕ್ಕದಲ್ಲೇ ನಿಂತು ಅರ್ಧ ದಿನ ಒಂದೇ ಪೈಪನ್ನು ಉಜ್ಜುತ್ತಿದ್ದಳು, ಬೈಯುತ್ತಿದ್ದಳು, ಮತ್ತೆ ಉಜ್ಜುತ್ತಿದ್ದಳು. ಪಾಪ, ಕಿಡಿಯಣ್ಣ ಸಿಟ್ಟಿಗೆ ಹೀಗೆ ಮಾಡುತ್ತಿದ್ದಾರೆ ಎಂದುಕೊಂಡೆ. ಅಷ್ಟು ಬುದ್ಧಿವಂತಳಾದ ನಾನೂ ಅದೊಂದರಲ್ಲಿ ಏಮಾರಿದೆ.

ಹೀಗಿರುವಾಗ ಡ್ಯಾನ್ಸ್ ಶಾಲೆಯ ಟೀಚರ್ ಬಂದರು. ಅವರ ಶಾಲೆಗೆ ಹೊಸ ಮಹಡಿ ಕಟ್ಟಿಸಿದ್ದರು, ಮೆಟ್ಟಿಲಿಗೆ ಕಂಬಿ ಬೇಕಿತ್ತು. ಬಳ್ಳಿಯಂಥ ಮೈ, ನಿಂತಲ್ಲೇ ಕುಣಿಯುವ ಪಾದ. “ಮಕ್ಕಳು ಅದರ ಮೇಲೆ ಕೈ ಇಟ್ಟು ಓಡ್ತಾರೆ, ಸುಮ್ಮನೆ ಇರೋದಿಲ್ಲ, ಜಾರ್ತಾರೆ. ಕೈಗೆ ಏನೂ ತಾಗಬಾರದು. ಮೊದಲು ಒಂದು ಮಾದರಿ ತೋರಿಸಿ” ಎಂದರು. ನಮ್ಮವರಿಗೆ ಅಂಥ ದೊಡ್ಡ ಕೆಲಸ ಮೊದಲ ಸಲ ಬಂದದ್ದು. ವರ್ಕ್‌ಶಾಪಿನ ಅಟ್ಟಕ್ಕೆ ಹೋಗುವ ಕಬ್ಬಿಣದ ಮೆಟ್ಟಿಲಿಗೇ ಮಾದರಿ ಕಂಬಿ ಹಾಕೋಣ ಎಂದರು. ಕಿಡಿಯಣ್ಣ ಎರಡು ಪೈಪುಗಳನ್ನು ತುದಿಗೆ ತುದಿ ಬೆಸೆದು ಉದ್ದ ಕಂಬಿ ಮಾಡಿದರು, ಅದನ್ನು ಹೊತ್ತು ನಿಲ್ಲಲು ಕೆಳಗೆ ಮೆಟ್ಟಿಲಿನಿಂದ ಆಸರೆಗಳನ್ನು ನಿಲ್ಲಿಸಿದರು. ನುಣುಪಮ್ಮ ಎಲ್ಲವನ್ನೂ ಉಜ್ಜಿದಳು. ನಡುವಿನ ಬೆಸುಗೆ ಉಜ್ಜಿದಳು, ಆಸರೆ ಕಂಬಿಗೆ ಸೇರುವ ಮೂಲೆಗಳನ್ನೂ ಉಜ್ಜಿದಳು. ಕಂಬಿ ಹಾವಿನ ಮೈಯಂತೆ ಮಿರಮಿರ ಎನ್ನುತ್ತಿತ್ತು.

ಟೀಚರ್ ಬಂದರು. ನಾನು ಚಹಾ ತಟ್ಟೆ ಹಿಡಿದು ನಿಂತಿದ್ದೆ. ನಮ್ಮವರು ಹೊಸ ಅಂಗಿ ಹಾಕಿದ್ದರು. “ನಮ್ಮ ತಂಗಿ ಪರೀಕ್ಷೆ ಮಾಡಿ ತೋರಿಸ್ತಾಳೆ ನೋಡಿ” ಎಂದು ಎದೆಯುಬ್ಬಿಸಿದರು. ನುಣುಪಮ್ಮ ಅಟ್ಟ ಹತ್ತಿ, ಕಂಬಿಯ ಮೇಲೆ ಕೂತು, ‘ಹೋ’ ಎಂದು ಹೊರಟಳು. ಆ ‘ಹೋ’ ಮುಗಿಯುವುದರೊಳಗೆ ನಡುವಿನಲ್ಲಿ ಟಪ್ ಎಂದಿತು. ಕಂಬಿ ಎರಡಾಯಿತು. ಪಕ್ಕದ ಆಸರೆಯೊಂದು ಕಳಚಿ ಜೊತೆಗೇ ಬಂತು. ನನ್ನ ನಾದಿನಿ ಗಾಳಿಯಲ್ಲಿ ಒಂದು ಸುತ್ತು ಸುತ್ತಿ, ಸಾಮಾನು ಕಟ್ಟಲು ಪೇರಿಸಿಟ್ಟಿದ್ದ ಗೋಣಿಚೀಲಗಳ ರಾಶಿಯ ಮೇಲೆ ಕಾಲು ಚಾಚಿ ಬಿದ್ದಳು.

ನಮ್ಮವರು ಗೋಣಿಚೀಲದತ್ತ ಓಡಿದರು. ಟೀಚರ್ ಮಾತ್ರ ತಲೆಯಾಡಿಸಿ, “ಬಿದ್ದ ಭಂಗಿ ಚೆನ್ನಾಗಿತ್ತು. ಪೆಟ್ಟಾಯ್ತೇನಮ್ಮಾ?” ಎಂದರು.

ಪೆಟ್ಟಾಗಿರಲಿಲ್ಲ. ಗೋಣಿಚೀಲದಿಂದ ಎದ್ದವಳು ಮೈ ಕೊಡವಿಕೊಳ್ಳಲೂ ಇಲ್ಲ, ಮುರಿದ ಕಂಬಿಯ ತುದಿಗೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು. ಪೈಪು ಕತ್ತರಿಸಿದಾಗ ಬಿದ್ದ ಗರಗಸದ ಗೀರುಗಳು ಹೊಸದಾಗಿ ಕತ್ತರಿಸಿದಂತೆ ಹಾಗೆಯೇ ಇದ್ದವು. ಬೆಸುಗೆ ಒಳಗೆ ಹೋಗಿಯೇ ಇರಲಿಲ್ಲ. ಸುತ್ತ ಅಂಚಿನಲ್ಲಿ ಮಾತ್ರ ಕಾಗದದಷ್ಟು ತೆಳ್ಳಗೆ ಹಿಡಿದುಕೊಂಡಿತ್ತು. ಬಲವೆಲ್ಲ ಹೊರಗಿನ ಗುಡ್ಡದಲ್ಲಿತ್ತು, ಆ ಗುಡ್ಡವನ್ನು ಅವಳೇ ಉಜ್ಜಿ ಧೂಳು ಮಾಡಿ ಗುಡಿಸಿ ಹಾಕಿದ್ದಳು.

“ತುದಿ ಓರೆ ಮಾಡಿಲ್ಲ” ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. “ಬೆಸುಗೆ ಒಳಗಿಳಿಯೋಕೆ ನಡುವೆ ಸಂದೂ ಬಿಟ್ಟಿಲ್ಲ. ಎರಡು ತುದಿ ಒತ್ತಿಟ್ಟು ಮೇಲೆ ರಾಡು ಕರಗಿಸಿ ಸುರಿದುಬಿಟ್ಟಿದ್ದೀರಿ. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು. ಯಾಕೆ ಇವರೇ? ನಿಮಗೆ ಕೆಲಸ ಗೊತ್ತಿಲ್ವಾ?”

ಕಿಡಿಯಣ್ಣ ನೆಲ ನೋಡಿದರು. ಸುಳ್ಳು ಹೇಳಲು ಬಾರದ ಜೀವ. “ಗೊತ್ತಿದೆ” ಎಂದರು. “ಆದ್ರೆ ಉಬ್ಬು ದೊಡ್ಡದಿದ್ರೆ ಉಜ್ಜೋಕೆ ಹೊತ್ತು ಹಿಡಿಯುತ್ತೆ.”

“ಹಿಡಿದ್ರೆ?”

“ಹಿಡಿದಷ್ಟು ಹೊತ್ತು ನೀವು ನನ್ನ ಮೇಜಿನ ಹತ್ರ ಇರ್ತೀರಿ. ಮೇಲೆ ಗುಡ್ಡ ಕೂರಿಸೋದರಲ್ಲೇ ಇದ್ದೆ. ಒಳಗೆ ಇಳೀತೋ ಇಲ್ವೋ ನೋಡಲೇ ಇಲ್ಲ.”

 ಟೀಚರ್ ಒಮ್ಮೆ ಇವಳನ್ನು, ಒಮ್ಮೆ ಅವರನ್ನು ನೋಡಿ, “ನಾನು ಬೇಕಾದ್ರೆ ಸ್ವಲ್ಪ ಹೊರಗೆ ನಿಂತಿರಲಾ?” ಎಂದರು. ನನಗಂತೂ ಕುಣಿಯಬೇಕೆನಿಸಿತು. ಆದರೆ ನಮ್ಮವರ ಮುಖ ನೋಡಿ ಕಾಲು ಅಲ್ಲೇ ಊರಿದೆ.

“ಇದು ವರ್ಕ್‌ಶಾಪೋ, ನಾಟಕ ಕಂಪನಿಯೋ?” ಎಂದು ಅವರು ಗುಡುಗಿದರು. “ಅದರ ಮೇಲೆ ಮಕ್ಕಳು ಜಾರಿದ್ದಿದ್ರೆ? ಇನ್ನೊಂದು ಕಂಬಿ ಮಾಡಿ ಕಿಡಿಯಣ್ಣ. ಟೀಚರ್ ದೊಡ್ಡ ಮನಸ್ಸು ಮಾಡಿ ಇನ್ನೊಂದು ಸಲ ಬರ್ತಾರೆ. ಅದೂ ಮುರಿದ್ರೆ ನಿಮ್ಮ ವೆಲ್ಡಿಂಗ್ ಮುಖಗವಸು ತಗೊಂಡು ಹೊರಡ್ತಾ ಇರಿ. ನನ್ನ ತಂಗಿ ಬೀಳೋದನ್ನ ನಾನು ಎರಡನೇ ಸಲ ನೋಡಲ್ಲ.” ಬೈದದ್ದು ತಪ್ಪೆಂದು ಯಾರೂ ಹೇಳುವಂತಿರಲಿಲ್ಲ.

ನುಣುಪಮ್ಮ ಅಡುಗೆಮನೆಗೆ ಬಂದು ಸೌಟಿನ ಹಿಡಿ ಉಜ್ಜತೊಡಗಿದಳು. ಅದರಲ್ಲಿ ಉಜ್ಜಲು ಇನ್ನೇನೂ ಉಳಿದಿರಲಿಲ್ಲ.

“ಸಿಟ್ಟಾ?” ಎಂದೆ.

“ಸಿಟ್ಟೇ ಅತ್ತಿಗೆ! ಇಷ್ಟು ವರ್ಷಕ್ಕೆ ಒಬ್ಬರಿಗೆ ನಾನು ಹತ್ರ ಇರಬೇಕು ಅನ್ಸಿದೆ. ಅದಕ್ಕೆ ಬೆಸುಗೆ ಕೆಡಿಸ್ಬೇಕಾ? ಬಾಯಿಬಿಟ್ಟು ಹೇಳಿದ್ರೆ ಆಗ್ತಿರ್ಲಿಲ್ವಾ?”

“ನಿನ್ನ ಬಾಯಿಗೇನು ಬೀಗ ಹಾಕಿತ್ತಾ? ನೀನೇ ಹೇಳಬಹುದಿತ್ತಲ್ಲ.”

ಅವಳು ಸೌಟನ್ನು ಇನ್ನೂ ಜೋರಾಗಿ ಉಜ್ಜಿದಳು. ಆಮೇಲೆ ಅರ ಕೆಳಗಿಟ್ಟು, “ಅವರು ಹೋದ್ರೆ ನಾನು ಗ್ರೈಂಡರ್ ಮುಟ್ಟಲ್ಲ” ಎಂದಳು. ತಮಾಷೆಯ ಮಾತಲ್ಲ ಅದು.  ಅವಳ ಕಿವಿ ಹಿಂಡಿ ವರ್ಕ್‌ಶಾಪಿಗೆ ಅಟ್ಟಿದೆ.

ಮರುದಿನ ಕಿಡಿಯಣ್ಣ ಪೈಪಿನ ತುದಿಗಳನ್ನು ಓರೆಯಾಗಿ ಕಡಿದರು, ನಡುವೆ ಉಗುರು ತೂರುವಷ್ಟು ಸಂದು ಬಿಟ್ಟರು, ಮೊದಲ ಸುತ್ತು ತಳಕ್ಕಿಳಿಸಿ, ಮೇಲೆ ಹೆಪ್ಪುಗಟ್ಟಿದ ಕಿಟ್ಟ ಬಡಿದು ತೆಗೆದು, ಅದರ ಮೇಲೆ ಇನ್ನೊಂದು ಸುತ್ತು ತುಂಬಿದರು. ಉಬ್ಬು ಇತ್ತೋ ಇಲ್ಲವೋ ಎನ್ನುವಷ್ಟು. ನುಣುಪಮ್ಮ ಗ್ರೈಂಡರ್ ಇಟ್ಟಳು, ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿಯಿತು. ಈಗ ಅವರ ಮೇಜಿನ ಪಕ್ಕ ನಿಲ್ಲಲು ನೆಪವಿಲ್ಲ. ನಿಂತೇ ಇದ್ದಳು. ಅವರು ಒಂದು ಸ್ಟೂಲು ಎಳೆದು ಕೊಟ್ಟರು. ಕಿಟಕಿಯಲ್ಲಿ ನಾನೂ ಅತ್ತೆಯೂ ಒಬ್ಬರನ್ನೊಬ್ಬರು ಚಿವುಟಿಕೊಂಡೆವು.

ಆಮೇಲೆ ಆಸರೆಯ ಮೂಲೆಗೆ ಬಂದಾಗ ಅವಳು ಮತ್ತೆ ಗ್ರೈಂಡರ್ ಎತ್ತಿದಳು. ಕಿಡಿಯಣ್ಣ ಆ ಬೆಸುಗೆಯ ಮೇಲೆ ಅಂಗೈ ಮುಚ್ಚಿದರು. ಅದಿನ್ನೂ ಬಿಸಿಯಿತ್ತು, ಹಾ ಎಂದು ಕೈ ತೆಗೆದು, ಮತ್ತೆ ಕೈಗವಸು ಹಾಕಿ ಮುಚ್ಚಿದರು.

“ಇಲ್ಲಿ ಬೇಡ. ಮೊನ್ನೆ ಈ ಮೂಲೇಲಿ ನಾನು ಸರಿಯಾಗೇ ಹಾಕಿದ್ದೆ. ನೀವು ಬೋಳಿಸಿದ್ದಕ್ಕೇ ಆಸರೆ ಕಳಚಿದ್ದು.”

“ಅಲ್ಲಿಗೊಂದು ನ್ಯಾಯ, ಇಲ್ಲಿಗೊಂದು ನ್ಯಾಯಾನಾ?”

“ಹೌದು. ಅಲ್ಲಿ ತುದಿಗೆ ತುದಿ ಕೂಡಿ ಒಳಗೇ ಒಂದಾಗಿದೆ, ಮೇಲಿನದು ಹೋದ್ರೂ ನಷ್ಟ ಇಲ್ಲ. ಇಲ್ಲಿ ಹಂಗಲ್ಲ. ಆಸರೆ ಸುಮ್ಮನೆ ಪೈಪಿಗೆ ಒರಗಿ ನಿಂತಿದೆ. ಮೂಲೇಲಿ ತುಂಬಿದ ಈ ಬೆಸುಗೆ ಒಂದೇ ಅದನ್ನ ಹಿಡಿದಿರೋದು. ಇದನ್ನ ತೆಗೆದ್ರೆ ಏನೂ ಉಳಿಯಲ್ಲ.”

ಬಾಯಿಮಾತಿಗೆ ಬಗ್ಗುವವಳೇ ಇವಳು? ಚೂರು ಪೈಪುಗಳನ್ನು ತಂದು ಮೂರು ತುಂಡು ಮಾಡಿಸಿದಳು. ತುದಿಗೆ ತುದಿ ಆಳವಾಗಿ ಬೆಸೆದು ಉಜ್ಜಿದ್ದು ಒಂದು, ಮೂಲೆ ಬೆಸೆದು ಉಜ್ಜಿದ್ದು ಒಂದು, ಮೂಲೆ ಬೆಸೆದು ಹಾಗೇ ಬಿಟ್ಟದ್ದು ಒಂದು. ಮೇಜಿಗೆ ಜೋಡಿಸಿದ ಇಕ್ಕಳದಲ್ಲಿ ಬಿಗಿದು ಸುತ್ತಿಗೆಯಲ್ಲಿ ಬಡಿದಳು. ಮೊದಲನೆಯದು ಬಾಗಿ ಕೊಕ್ಕೆಯಾಯಿತು, ಬೆಸುಗೆ ಬಿಡಲಿಲ್ಲ. “ನೋಡಿದ್ರಾ!” ಎಂದು ಕುಣಿದಳು. ಎರಡನೆಯದು ಮೊದಲ ಪೆಟ್ಟಿಗೇ ಚಿಮ್ಮಿ ಕಿಟಕಿಯೊಳಗೆ ಹಾರಿ ನಮ್ಮತ್ತೆಯ ನೀರಿನ ಬಕೆಟ್ಟಿಗೆ ಬಿತ್ತು. “ನೋಡಿದ್ರಾ!” ಎಂದು ಈ ಸಲ ಅವರು ಕುಣಿದರು. ಮೂರನೆಯದು ಎಷ್ಟು ಬಡಿದರೂ ಬಾಗಿತೇ ಹೊರತು ಕಳಚಲಿಲ್ಲ. ಅವಳು ಸುತ್ತಿಗೆ ಅವರ ಕೈಗೆ ಕೊಟ್ಟಳು, ಅವರು ಬಡಿದರು, ಮತ್ತೆ ಇವಳು ಬಡಿದಳು. ಇಬ್ಬರೂ ಬೆವರು ಸುರಿಸಿಕೊಂಡು, ಹೊಟ್ಟೆ ಹಿಡಿದುಕೊಂಡು, ಹುಚ್ಚರ ಹಾಗೆ ನಕ್ಕರು. ನಗುವಂಥದ್ದು ಅಲ್ಲೇನಿತ್ತೋ ನನಗೆ ಗೊತ್ತಿಲ್ಲ, ನಾನೂ ನಕ್ಕೆ. ಬಕೆಟ್ಟಿನಿಂದ ಕಬ್ಬಿಣ ತೆಗೆಯುತ್ತಿದ್ದ ಅತ್ತೆ ಮಾತ್ರ “ನಿಮ್ಮ ಬೆಸುಗೆಗೆ ಬೆಂಕಿ ಬಿತ್ತು” ಎಂದರು, ಆಮೇಲೆ ಅವರಿಗೂ ನಗು ಬಂತು.

ಎರಡನೆಯ ಕಂಬಿ ನಿಂತ ದಿನ ಟೀಚರ್ ಬಂದರು. ಕಿಡಿಯಣ್ಣ ಮುಖಗವಸು ಹಣೆಯ ಮೇಲಕ್ಕೆ ಸರಿಸಿಕೊಂಡು ಮೆಟ್ಟಿಲ ಕೆಳಗೆ ನಿಂತಿದ್ದರು. ಹೊರಡಬೇಕಾದರೆ ತಯಾರಿರಲಿ ಎಂದು ಅವರ ಚೀಲ ಬಾಗಿಲ ಬಳಿ ಇತ್ತು.  ನುಣುಪಮ್ಮ ಅಟ್ಟ ಹತ್ತಿದಳು. ಈ ಸಲ ‘ಹೋ’ ಎನ್ನಲಿಲ್ಲ. ಬಾಯಿ ಬಿಗಿದು ಕೂತು ಕೈ ಬಿಟ್ಟಳು. ನಡುವಿನ ಬೆಸುಗೆ ಬಂತು, ಹೋಯಿತು. ಆಸರೆ ಬಂತು, ಹೋಯಿತು. ಸುಯ್ಯೆಂದು ಕೆಳಗೆ ಬಂದು ನೆಲಕ್ಕೆ ಕಾಲೂರಿದಳು. ಕಂಬಿ ಮಿಸುಕಲಿಲ್ಲ. ಉಳಿಸಿಕೊಂಡಿದ್ದ ‘ಹೋ’ ಅಷ್ಟನ್ನೂ ಅಲ್ಲೇ ಕೂಗಿ ಮತ್ತೆ ಮೇಲೆ ಓಡಿದಳು.

ಅವಳು ಎರಡನೆಯ ಸಲ ಬರುವಷ್ಟರಲ್ಲಿ ಟೀಚರ್ ಚಪ್ಪಲಿ ಬಿಚ್ಚಿದ್ದರು. ಅವರು ಜಾರಿದ್ದನ್ನು ಜಾರಿದ್ದು ಎನ್ನುವ ಹಾಗಿಲ್ಲ, ತೇಲಿ ಬಂದರು. ಆಮೇಲೆ ನಮ್ಮವರು, “ಯಜಮಾನ ನೋಡ್ದೆ ಮಾಲು ಹೇಗೆ ಕೊಡೋದು” ಎಂದು ಗಂಭೀರವಾಗಿ ಹತ್ತಿದರು. ಅರ್ಧಕ್ಕೆ ಬಂದು ಹೊಟ್ಟೆ ವಾಲಿ, ಕಂಬಿಯನ್ನು ತಬ್ಬಿಕೊಂಡು ನಿಂತರು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ, ನಕ್ಕು ನಕ್ಕು ಏಳಲಾಗಲಿಲ್ಲ. ನಮ್ಮವರ ಭಾರ ತಡೆದ ಕಂಬಿ ಇನ್ನು ಯಾರ ಭಾರಕ್ಕೂ ಹೆದರಬೇಕಾಗಿಲ್ಲ.

“ಆಯ್ತು, ಶಾಲೆಗೆ ಇದನ್ನೇ ಮಾಡಿಕೊಡಿ” ಎಂದ ಟೀಚರ್ ಕಂಬಿಯ ಉದ್ದಕ್ಕೂ ಕೈಯಾಡಿಸಿದರು. ಬೆರಳು ಕೆಳಕ್ಕೆ ಹೊರಳಿ ಆಸರೆಯ ಮೂಲೆಯಲ್ಲಿ ನಿಂತಿತು. “ಮೇಲೆಲ್ಲ ಬೆಣ್ಣೆ. ಇಲ್ಲಿ ಅಡಿಯಲ್ಲಿ ಮಾತ್ರ ಉಬ್ಬು ಬಿಟ್ಟಿದ್ದೀರಲ್ಲಮ್ಮಾ, ಉಜ್ಜೋದು ಮರೆತುಹೋಯ್ತಾ?”

ನಮ್ಮವರಿಗೆ ಗಿರಾಕಿಯ ಬಾಯಿಂದ ಮಾತು ಬಿದ್ದರೆ ಸಾಕು. ಗ್ರೈಂಡರ್ ಎತ್ತಿಕೊಂಡೇ ಬಂದರು. “ಒಂದು ನಿಮಿಷ ಟೀಚರ್, ಈಗಲೇ ತೆಗೆದುಬಿಡ್ತೀನಿ.”

ನುಣುಪಮ್ಮ ಅಡ್ಡ ಬಂದು ನಿಂತಳು. ಹುಟ್ಟಿದಾಗಿನಿಂದ ಒಂದು ತರಿಯನ್ನೂ ಸಹಿಸದ ಆ ಅಂಗೈಯನ್ನು ಉಬ್ಬಿನ ಮೇಲೆ ಮುಚ್ಚಿದಳು.

“ಮುಟ್ಟಬೇಡ ಅಣ್ಣ. ಅದು ಹಾಗೇ ಇರಬೇಕು” ಎಂದಳು. “ಅದನ್ನ ಹಾಕಿದ್ದು ನಮ್ಮನೆಯವರು.”

ಹೆಂಗಸು ಯಾರನ್ನು ನಮ್ಮನೆಯವರು ಎನ್ನುತ್ತಾಳೆಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮವರು ಗ್ರೈಂಡರ್ ಹಿಡಿದು ಹಾಗೇ ನಿಂತರು. ನಾನು ಮೊದಲು ಹೋಗಿ ಬಾಗಿಲ ಬಳಿಯ ಚೀಲ ಎತ್ತಿ ಒಳಗಿಟ್ಟೆ. ತಿರುಗಿ ನೋಡಿದರೆ ಕಿಡಿಯಣ್ಣ, ಎಲ್ಲೂ ಒಂದು ಕಿಡಿಯಿಲ್ಲದಿದ್ದರೂ, ಕಪ್ಪು ಗಾಜಿನ ಮುಖಗವಸನ್ನು ಗದ್ದದವರೆಗೆ ಇಳಿಸಿಕೊಂಡು ನಿಂತುಬಿಟ್ಟಿದ್ದರು.

ನಮ್ಮತ್ತೆ ಕಿಟಕಿಯಿಂದಲೇ ಕೂಗಿದರು: “ಅದನ್ನ ಎತ್ತಪ್ಪಾ, ಅಳಿಯನ ಮುಖ ನೋಡೋಣ.”